ಕಾವ್ಯದ ನವಿಲೂ ಹೆಣ್ಣುನವಿಲಿನ ಕಣ್ಣೂ

ಕಾರ್ಮುಗಿಲು ಕವಿಯುವುದು, ಗುಡುಗು ಮೊಳಗುವುದು, ನವಿಲು ಗರಿಗೆದರಿ ಕುಣಿಯುವುದು: ವರ್ಷಾವರ್ಣನೆಯಲ್ಲಿ ಈ ಮೂರೂ ಒಟ್ಟಾಗಿ ಬರತಕ್ಕವೆಂಬುದು ಬಹುಕಾಲದ ಕವಿಸಮಯ. ಸಂಸ್ಕೃತದಿಂದ ಬಂದ ಈ ವಾಡಿಕೆಯನ್ನು ಕನ್ನಡ ಕವಿಗಳೂ ಶ್ರದ್ಧೆಯಿಂದ ಪಾಲಿಸಿದ್ದಾರೆ. ವರ್ಣನೆಯ ಸೊಗಸಿನ ವಿಷಯದಲ್ಲಿ ವಿವಾದವಿಲ್ಲ. ಆದರೆ ಆ ಚಿತ್ರದಲ್ಲಿ ಮುಖ್ಯವಾದ ಪಾತ್ರವೊಂದು ಬಿಟ್ಟುಹೋಗಿದೆ. ನವಿಲು ಕುಣಿಯುವುದು ಮೋಡಕ್ಕಾಗಿ ಅಲ್ಲ. ಸಮೀಪದಲ್ಲಿಯೇ ಮಣ್ಣು ಕೆದಕುತ್ತ, ತನಗೇನೂ ಲಕ್ಷ್ಯವಿಲ್ಲವೆಂಬಂತೆ ತಿರುಗುವ ಕಂದುಬಣ್ಣದ ಹೆಣ್ಣಿಗಾಗಿ. ಅವುಗಳ ಕೂಟದ ಕಾಲ ಮಳೆಗಾಲಕ್ಕೆ ಹತ್ತಿರವಾದುದರಿಂದ ಜೊತೆಗೆ ಬಂದ ಮೋಡವನ್ನೇ ಕಾರಣವೆಂದು ಭಾವಿಸಿದ್ದಾಯಿತು. ಗಂಡಿನ ಕಣ್ಣೀರನ್ನು ಕುಡಿದು ಹೆಣ್ಣು ಗರ್ಭ ಧರಿಸುವುದೆಂಬ ಜನಜನಿತವಾದ ಕಥೆಯಂತೂ ಹೆಣ್ಣಿಗೆ ಉಳಿದಿದ್ದ ಅಲ್ಪ ಪಾತ್ರವನ್ನೂ ಕಸಿದುಕೊಂಡಿತು. ನವಿಲುಗಳು ಇತರ ಹಕ್ಕಿಗಳಂತೆಯೇ ಕೂಡುತ್ತವೆ.

ಈ ಹೆಣ್ಣನ್ನು ರಂಗದ ನಡುವೆ ತಂದು ನಿಲ್ಲಿಸಿದವನು ಕವಿಯಲ್ಲ, ಚಾರ್ಲ್ಸ್ ಡಾರ್ವಿನ್. ಬದುಕಲು ನೆರವಾಗುವ ಗುಣಗಳೇ ಉಳಿದು ಬೆಳೆಯುವುವೆಂದು 1859ರಲ್ಲಿ ಪ್ರತಿಪಾದಿಸಿದ ಆತನಿಗೆ ನವಿಲಿನ ಗರಿ ದೊಡ್ಡ ತೊಡಕಾಯಿತು. ಹಾರುವುದಕ್ಕೆ ಹೊರೆಯಾದ, ಶತ್ರುವಿನ ಕಣ್ಣಿಗೆ ಬೀಳುವ ಈ ಭಾರವನ್ನು ಪ್ರಕೃತಿ ಉಳಿಸಿದ್ದೇಕೆ? ಅದನ್ನು ಕಂಡರೆ ತನಗೆ ಜಡ್ಡು ಬಂದಂತಾಗುವುದೆಂದು 1860ರಲ್ಲಿ ಮಿತ್ರನಿಗೆ ಬರೆದುಕೊಂಡನು. 1871ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಉತ್ತರ ಹೇಳಿದನು: ತಲೆತಲಾಂತರದ ಹೆಣ್ಣುಗಳು ಸುಂದರವಾದ ಗಂಡನ್ನೇ ಮೆಚ್ಚಿ ಕೂಡಿದುದರಿಂದ ಆ ಗರಿ ಬೆಳೆಯಿತು. ಆತನ ಸಮಕಾಲೀನನಾದ ವಾಲೇಸನು ಮಿಕ್ಕ ವಿಷಯಗಳಲ್ಲಿ ಜೊತೆಗಿದ್ದರೂ, ಹೆಣ್ಣುಹಕ್ಕಿಗೆ ಇಂತಹ ರುಚಿಯುಂಟೆಂಬುದನ್ನು ಒಪ್ಪಲಿಲ್ಲ.

ಇದನ್ನು ಕನ್ನಡದಲ್ಲಿ ವಿವರಿಸುವವರು ಸಾಮಾನ್ಯವಾಗಿ 'ಸ್ವಯಂವರ'ವೆಂಬ ಮಾತನ್ನು ಬಳಸುತ್ತಾರೆ. ಮಾತು ಚೆನ್ನಾಗಿದೆ, ಆದರೆ ಪರೀಕ್ಷಿಸಿ ಬಳಸಬೇಕಾದುದು. ಸೀತೆಯ ಮದುವೆಯನ್ನು ನಿರ್ಣಯಿಸಿದ್ದು ಬಿಲ್ಲು. ಪಣವನ್ನು ಇಟ್ಟವನು ತಂದೆ. ಗೆದ್ದವನಿಗೆ ಕನ್ಯೆ ಎಂಬ ಈ ಕ್ರಮ, ಡಾರ್ವಿನನು ಬೇರೆಯಾಗಿ ಎಣಿಸಿದ ಗಂಡುಗಂಡುಗಳ ಸೆಣಸಾಟಕ್ಕೆ, ಅಂದರೆ ಸಾರಂಗಗಳ ಕೊಂಬಿನ ಕಾದಾಟಕ್ಕೆ ಹತ್ತಿರವಾದುದು. ನಿಜವಾದ ವರಣವನ್ನು ನೋಡಬೇಕಾದರೆ ದಮಯಂತಿಯ ಬಳಿಗೆ ಹೋಗಬೇಕು. ಒಂದೇ ರೂಪದ ಐವರು ಎದುರಿಗಿರುವಾಗ ಬೆವರು, ನೆರಳು, ಬಾಡಿದ ಹೂಮಾಲೆ, ನೆಲಕ್ಕೆ ತಾಗಿದ ಪಾದ ಇವನ್ನು ಗುರುತಿಸಿ ಅವಳು ನಳನನ್ನು ಆರಿಸುತ್ತಾಳೆ. ಬಡಗುತಿಟ್ಟಿನ ಆಟಗಳಲ್ಲಿ ಈ ಪ್ರಸಂಗವನ್ನು ನೋಡಿದವರಿಗೆ ಡಾರ್ವಿನನ ಅಭಿಪ್ರಾಯವನ್ನು ತಿಳಿಯುವುದು ಕಷ್ಟವಾಗಲಾರದು.

ನವಿಲನ್ನೇ ಕಾಯಬೇಕೆಂದಿಲ್ಲ. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ನದಿಗಳು ಕೂಡಿ ಗಂಗೊಳ್ಳಿಯಲ್ಲಿ ಕಡಲಿಗೆ ಸೇರುವ ಕುಂದಾಪುರದ ಅಳಿವೆಯಲ್ಲಿ, ಇಳಿತವಾದಾಗ ಕಾಂಡ್ಲ ಗಿಡಗಳ ಬುಡದ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಸಣ್ಣ ಏಡಿಗಳು ಬಿಲದಿಂದ ಹೊರಟು ಬರುತ್ತವೆ. ಗಂಡಿಗೆ ಒಂದು ಕೈ ಮಾತ್ರ ಮೈಗೆ ಮೀರಿದ ಇಕ್ಕುಳ. ಹೆಣ್ಣಿಗೆ ಎರಡೂ ಸಣ್ಣವು. ಗಂಡುಗಳು ಬಿಲದ ಬಾಯಲ್ಲಿ ನಿಂತು ಆ ದೊಡ್ಡ ಕೈಯನ್ನು ಎತ್ತಿ ಬೀಸುತ್ತವೆ. ಹೆಣ್ಣು ಒಂದರ ಮುಂದೆ ನಿಂತು, ಒಂದರ ಬಿಲವನ್ನು ಇಣುಕಿ, ಒಪ್ಪದಿದ್ದರೆ ಹೊರಬಂದು ಮುಂದಿನದರ ಬಳಿಗೆ ನಡೆಯುತ್ತದೆ. ಆ ದೊಡ್ಡ ಕೈ ಉಣ್ಣುವುದಕ್ಕೆ ಬಾರದು. ಹೆಣ್ಣು ಎರಡು ಕೈಗಳಿಂದ ಕೆಸರನ್ನು ಬಾಯಿಗೆ ಇಡುತ್ತಿದ್ದರೆ ಗಂಡು ಒಂದರಿಂದಲೇ ಹೊಟ್ಟೆ ಹೊರೆಯಬೇಕು. ಇಂತಹ ಹೊರೆಯನ್ನು ಹೊತ್ತೂ ಬದುಕಿರುವುದೇ ಗಂಡಿನ ಸತ್ತ್ವಕ್ಕೆ ಪ್ರಮಾಣವೆಂದು 1975ರಲ್ಲಿ ಅಮೋಟ್ಸ್ ಜಹಾವಿ ಎಂಬ ಇಸ್ರೇಲಿನ ವಿದ್ವಾಂಸನು ವಾದಿಸಿದನು. ಅದಕ್ಕೆ ಮೊದಲೇ, 1930ರಲ್ಲಿ, ಫಿಶರನು ಬೇರೆ ದಾರಿ ತೋರಿಸಿದ್ದನು: ಅಲಂಕಾರವೂ ಅದನ್ನು ಮೆಚ್ಚುವ ರುಚಿಯೂ ಒಂದೇ ಸಂತತಿಯಲ್ಲಿ ಇಳಿದುಬಂದರೆ ಎರಡೂ ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ.

ವಿಷಯ ಇನ್ನೂ ಇತ್ಯರ್ಥವಾಗಿಲ್ಲವೆಂಬುದನ್ನು ಮರೆಮಾಚಬಾರದು. ಗರಿಯಲ್ಲಿ ಕಣ್ಣುಗಳು ಹೆಚ್ಚಾದಷ್ಟೂ ಗಂಡಿಗೆ ಕೂಟ ಹೆಚ್ಚೆಂದು 1991ರಲ್ಲಿ ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ಮೊದಲಾದವರು ಕಂಡರು. ಜಪಾನಿನಲ್ಲಿ ತಕಾಹಾಶಿ ಮೊದಲಾದವರು ಏಳು ವರ್ಷ ನೋಡಿ, ಹಾಗೇನೂ ಕಾಣಲಿಲ್ಲವೆಂದು 2008ರಲ್ಲಿ ಪ್ರಕಟಿಸಿದರು. 2013ರಲ್ಲಿ ಹೆಣ್ಣುನವಿಲುಗಳ ತಲೆಗೆ ದೃಷ್ಟಿಯನ್ನು ಗುರುತಿಸುವ ಪುಟ್ಟ ಯಂತ್ರವನ್ನೇ ಕಟ್ಟಿ ನೋಡಲಾಯಿತು. ಕವಿಗಳು ಕೊಂಡಾಡಿದ ಮೇಲಣ ಕಣ್ಣುಗಳಿಗಿಂತ ಗರಿಯ ಕೆಳಭಾಗವನ್ನೇ ಅವು ಹೆಚ್ಚಾಗಿ ನೋಡಿದುವು. ಬಹಳ ಹೊತ್ತು ಗಂಡನ್ನೇ ನೋಡಲಿಲ್ಲ! ಅವುಗಳ ಅಲಕ್ಷ್ಯವನ್ನು ಯಾವ ಕವಿಯಾದರೂ ಪರಿಶೀಲಿಸಿದ್ದರೆ ಎಷ್ಟು ಸರಸವಾದ ಪದ್ಯಗಳು ಹುಟ್ಟುತ್ತಿದ್ದವು!

ಹೀಗೆ ಒಲಿಸಿಕೊಳ್ಳಬೇಕಾದ ಹೆಣ್ಣು ಕನ್ನಡದಲ್ಲಿ ಇಲ್ಲವೆಂದಲ್ಲ. ಡಾರ್ವಿನನ ಗ್ರಂಥಕ್ಕೆ ಒಂದು ವರ್ಷ ಮೊದಲು, 1870ರಲ್ಲಿ, ನಂದಳಿಕೆಯಲ್ಲಿ ಹುಟ್ಟಿ, ಕೆಲಕಾಲ ಕುಂದಾಪುರದಲ್ಲಿಯೂ ಬಳಿಕ ಉಡುಪಿಯಲ್ಲಿಯೂ ವ್ಯಾಯಾಮೋಪಾಧ್ಯಾಯನಾಗಿದ್ದ ಮುದ್ದಣನು, 1901ರಲ್ಲಿ ಅಕಾಲಮರಣಕ್ಕೆ ತುತ್ತಾಗುವ ಮೊದಲು, ಅಂತಹವಳೊಬ್ಬಳನ್ನು ಸೃಷ್ಟಿಸಿದನು. 'ರಾಮಾಶ್ವಮೇಧ'ದ ಮನೋರಮೆ ಸುಮ್ಮನೆ ಕೇಳುವವಳಲ್ಲ. ಕಥೆ ಯಾವುದಾಗಬೇಕು, ಗದ್ಯವೋ ಪದ್ಯವೋ ಎಂಬುದೆಲ್ಲ ಅವಳ ಮೆಚ್ಚುಗೆಗೆ ಒಳಪಟ್ಟಿದೆ, ನಡುನಡುವೆ ತಡೆದು ಆಕ್ಷೇಪಿಸುತ್ತಾಳೆ, ಕವಿ ತಿದ್ದಿಕೊಳ್ಳುತ್ತಾನೆ. ಗ್ರಂಥದ ಗದ್ಯರೂಪವೇ ಅವಳ ರುಚಿಯ ಫಲ. ಅವಳು ಆರಿಸುವುದು ಗಂಡನನ್ನಲ್ಲ, ಕಥೆಯನ್ನು. ಅಲ್ಲದೆ ಅವಳ ಮಾತುಗಳನ್ನು ಬರೆದವನೂ ಕವಿಯೇ. ಆದುದರಿಂದ ಸಾಮ್ಯವನ್ನು ದೂರ ಎಳೆಯುವುದು ಸಲ್ಲದು. ಆದರೂ, ಮೆಚ್ಚುವವಳ ರುಚಿ ಮೆಚ್ಚಿಸುವವನ ಆಟವನ್ನು ರೂಪಿಸುವ ಬಗೆಯನ್ನು ಇಷ್ಟು ಬಿಡಿಸಿ ತೋರಿಸಿದ ಕೃತಿ ಕರಾವಳಿಯಲ್ಲಿ ಮತ್ತೊಂದಿಲ್ಲ. ಅಂತಹ ಕವಿಯ ನಾಡಿನಲ್ಲಿಯೂ ವರ್ಷಾವರ್ಣನೆಯ ನವಿಲು ಇನ್ನೂ ಮೋಡದ ಎದುರಿಗೇ ಕುಣಿಯುತ್ತಿದೆ.