ಎರಡು ವಾರದ ಹೆಗ್ಗಳಿಕೆಯಾಚೆ ಕೆಜಿಎಫ್

ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಭೌತವಿಜ್ಞಾನದ ಮಾತು ಬಂದಾಗಲೆಲ್ಲ ನಮ್ಮವರು ಎರಡು ವಾರದ ಲೆಕ್ಕ ತೆಗೆಯುತ್ತಾರೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಸಿಕ್ಕಿತೆಂಬ ಕೆಜಿಎಫ್ ತಂಡದ ಪ್ರಬಂಧ 1965ರ ಆಗಸ್ಟ್ ಮಧ್ಯದಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ್ದು ಆ ತಿಂಗಳ ಕೊನೆಗೆ. ನೊಬೆಲ್ ಕೈತಪ್ಪಿತೆಂಬ ಕೊರಗಿಗೂ ಇದೇ ಆಧಾರ. ಆದರೆ ರೈನ್ಸ್ ಉಪಕರಣದಲ್ಲಿ ಮೊದಲ ಘಟನೆ ದಾಖಲಾದದ್ದು ಅದೇ ವರ್ಷದ ಫೆಬ್ರವರಿಯಲ್ಲಿ, ನಮ್ಮವರಿಗಿಂತ ಮುಂಚೆ. 1995ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಗಣಿಯ ಕೆಲಸಕ್ಕಲ್ಲ, 1950ರ ದಶಕದಲ್ಲಿ ಪರಮಾಣು ಸ್ಥಾವರದ ಬಳಿ ನ್ಯೂಟ್ರಿನೊ ಪತ್ತೆ ಮಾಡಿದ್ದಕ್ಕೆ. ಕೆಜಿಎಫ್‌ನ ಹಿರಿಮೆಯನ್ನು ಈ ಪಂದ್ಯದಲ್ಲಿ ಹುಡುಕುವುದೇ ತಪ್ಪು. ಅದು ಇರುವುದು, ಏನೂ ಕಾಣದ ಜಾಗ ಯಾವುದೆಂದು ಅಳೆದು ಗೊತ್ತುಮಾಡಿದ್ದರಲ್ಲಿ.

ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರ ಹೊತ್ತಿಗೆ ಹೋಮಿ ಭಾಭಾ ಸೂಚನೆಯಂತೆ ಗಣಿಗೆ ಇಳಿದಾಗ ಗುರಿ ನ್ಯೂಟ್ರಿನೊ ಆಗಿರಲಿಲ್ಲ. ವಿಶ್ವಕಿರಣದಿಂದ ಹುಟ್ಟುವ ಮ್ಯೂಯಾನ್‌ಗಳು ಬಂಡೆಯ ಯಾವ ಆಳದಲ್ಲಿ ಎಷ್ಟು ಉಳಿಯುತ್ತವೆ ಎಂದು ಎಣಿಸಬೇಕಿತ್ತು, ಅಷ್ಟೆ. ಬೇಸರದ ಕೆಲಸ. 1960ರ ದಶಕದ ಆರಂಭದಲ್ಲಿ ಈ ಎಣಿಕೆ ಗಣಿಯ ತೀರಾ ಆಳಕ್ಕೆ ಮುಟ್ಟಿದಾಗ ಒಂದು ಮ್ಯೂಯಾನ್ ಕೂಡ ಸಿಗಲಿಲ್ಲ. ಆ ಸೊನ್ನೆಯೇ ದೊಡ್ಡ ಫಲಿತಾಂಶ. ನ್ಯೂಟ್ರಿನೊ ದ್ರವ್ಯಕ್ಕೆ ತಾಕುವ ಸಂಭವ ಎಷ್ಟು ಕಡಿಮೆಯೆಂದರೆ, ಬೇರೆಲ್ಲ ಗದ್ದಲ ಅಡಗಿದ ಕಡೆ ಮಾತ್ರ ಅದನ್ನು ಗುರುತಿಸಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಸೇರಿ ಚಾಂಪಿಯನ್ ರೀಫ್‌ನಲ್ಲಿ ಸುಮಾರು 2300 ಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದವು. ಉಳಿದ ಮ್ಯೂಯಾನ್‌ಗಳು ಹೆಚ್ಚುಕಡಿಮೆ ಮೇಲಿನಿಂದಲೇ ಇಳಿಯುತ್ತವೆ. ಅಡ್ಡಡ್ಡ ಬಂದದ್ದು ನ್ಯೂಟ್ರಿನೊ ಬಂಡೆಗೆ ತಾಕಿ ಹುಟ್ಟಿಸಿದ ಮ್ಯೂಯಾನ್. ಈ ಸರಳ ತರ್ಕಕ್ಕೆ ಬಲ ಬಂದದ್ದು ಹತ್ತು ವರ್ಷದ ಎಣಿಕೆಯಿಂದ. (ಲಿಫ್ಟು, ಗಾಳಿ, ವಿದ್ಯುತ್ತು ಎಲ್ಲವೂ ಗಣಿಯದೇ. ಕಾರ್ಮಿಕರ ಶ್ರಮಕ್ಕೆ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಜಾಗವಿರುವುದಿಲ್ಲ.)

ಗದ್ದಲ ಎಷ್ಟೆಂದು ಮೊದಲು ತಿಳಿಯುವ ಇದೇ ಅಳತೆಗೋಲನ್ನು ನಂತರದ ಕೆಲಸಕ್ಕೆ ಹಿಡಿದರೆ ಕೆಜಿಎಫ್ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. 1975ರಲ್ಲಿ ಪ್ರಕಟವಾದ ‘ಕೋಲಾರ ಘಟನೆಗಳು’ ಹೊಸ ಕಣವೊಂದನ್ನು ಸೂಚಿಸಿದವು. ದೊಡ್ಡ ವೇಗವರ್ಧಕಗಳ ಹುಡುಕಾಟದಲ್ಲಿ ಅದು ಸಿಗಲಿಲ್ಲ. ಪ್ರೋಟಾನ್ ಅಮರವಲ್ಲ ಎಂದು ಜೋಗೇಶ್ ಪತಿ, ಅಬ್ದುಸ್ ಸಲಾಂ ಮುಂತಾದ ಸಿದ್ಧಾಂತಿಗಳು ವಾದಿಸಿದಾಗ, ಅದನ್ನು ಒರೆಗೆ ಹಚ್ಚಲು 1980ರಲ್ಲಿ 140 ಟನ್ ಕಬ್ಬಿಣದ ಉಪಕರಣ ಗಣಿಯೊಳಗೆ ಎದ್ದಿತು. ಪ್ರೋಟಾನ್ ಕ್ಷಯವಿರಬಹುದಾದ ಕೆಲವು ಘಟನೆಗಳನ್ನು ತಂಡ ಮುಂದಿಟ್ಟಿತು. ಅಮೆರಿಕದ ಒಹಾಯೊ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿ ಕಾದವರಿಗೆ ಅಂಥದು ಕಾಣಲಿಲ್ಲ. ಪ್ರೋಟಾನ್ ಕ್ಷಯದ ಹುಡುಕಾಟದಲ್ಲಿ ನ್ಯೂಟ್ರಿನೊಗಳೇ ಗದ್ದಲ. ಬಂಡೆ ಎಷ್ಟಿದ್ದರೂ ಅವನ್ನು ತಡೆಯದು. ಆಳ ಕೊಟ್ಟ ಅನುಕೂಲ ಈ ಪ್ರಶ್ನೆಗೆ ಸಾಲದಾಗಿತ್ತು.

ಬಡ ದೇಶದ ಸಣ್ಣ ಉಪಕರಣವನ್ನು ಹೀಗೆ ತೂಗುವುದು ಅನ್ಯಾಯ ಎನ್ನಬಹುದು. ಗಾತ್ರದ ಮಟ್ಟಿಗೆ ಒಪ್ಪೋಣ. ತಂಡ ‘ಸಂಭಾವ್ಯ’ ಎಂದೇ ಬರೆದಿತ್ತೆಂಬುದನ್ನೂ ಮರೆಯಬಾರದು. ಆದರೆ ಬೆರಳೆಣಿಕೆಯ ಘಟನೆಗಳಿಂದ ಪ್ರೋಟಾನಿನ ಆಯಸ್ಸನ್ನೂ ಲೆಕ್ಕ ಹಾಕಿ ಹೇಳಿದ್ದು ಹಣದ ಕೊರತೆಯಿಂದಲ್ಲ. ಹಾಗೆಂದು ಆ ಕಬ್ಬಿಣ ವ್ಯರ್ಥವಾಯಿತು ಎನ್ನಲಾಗದು: ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟದೊಳಗೆ ಯೋಜಿಸಿದ ನ್ಯೂಟ್ರಿನೊ ವೀಕ್ಷಣಾಲಯದ ನಕ್ಷೆಯಲ್ಲಿದ್ದದ್ದೂ ಕಬ್ಬಿಣದ ಪದರಗಳೇ, 50,000 ಟನ್. ಅದಕ್ಕೆ ಹೊಸ ಜಾಗ ಹುಡುಕಬೇಕಾಯಿತು. ಚಿನ್ನ ಲಾಭ ತಾರದೆ 2001ರಲ್ಲಿ ಕೆಜಿಎಫ್ ಗಣಿಯೇ ಮುಚ್ಚಿತ್ತು.