ಗಾಳಿಯಲ್ಲಿ ಸ್ವರ ಹುಡುಕುವುದು

ಚಂದಗುಳಿಯ ಘಂಟೆ ಗಣಪತಿ ದೇವಸ್ಥಾನದಲ್ಲಿ ಹರಕೆಯ ಘಂಟೆಗಳು ಸಾಲುಸಾಲಾಗಿ ತೂಗುತ್ತವೆ. ಎರಕ ಹೊಯ್ದ ದಿನವೇ ಒಂದೊಂದರ ಸ್ವರವೂ ನಿಂತುಹೋಗಿದೆ, ಯಾರು ಬಾರಿಸಿದರೂ ಅದೇ. ಇಂಥ ಊರಿನ ಮನೆಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಇದಕ್ಕೆ ತದ್ವಿರುದ್ಧವಾದ ವಾದ್ಯದ ಎದುರು ನಿಂತಿದ್ದೆ. ಅದರ ಹೆಸರು ಥೆರೆಮಿನ್. ಮುಟ್ಟುವ ಹಾಗೇ ಇಲ್ಲ, ಗಾಳಿಯಲ್ಲಿ ಕೈಯಾಡಿಸಬೇಕು.

ರಷ್ಯಾದ ಲೆವ್ ಥೆರೆಮಿನ್ ಇದನ್ನು ಮಾಡಿದ್ದು 1920ರ ಆಸುಪಾಸಿನಲ್ಲಿ. ಒಳಗೆ ನಮ್ಮ ಕಿವಿಗೆ ಕೇಳಿಸದಷ್ಟು ವೇಗದ ಎರಡು ವಿದ್ಯುತ್ ಕಂಪನಗಳಿರುತ್ತವೆ. ಬಲಗೈ ನೆಟ್ಟಗಿನ ಆಂಟೆನಾ ಹತ್ತಿರ ಹೋದಾಗ ಒಂದರ ವೇಗ ಬದಲಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಕೇಳುವ ಸ್ವರ. ಎಡಗೈಯನ್ನು ಬಳೆಯಂಥ ಇನ್ನೊಂದು ಆಂಟೆನಾ ಹತ್ತಿರ ತಂದರೆ ದನಿ ತಗ್ಗುತ್ತದೆ.

ಇದು ನಮ್ಮ ಸಂಗೀತಕ್ಕೆ ಹೇಳಿ ಮಾಡಿಸಿದ ವಾದ್ಯ ಅಂತ ಮೊದಲು ಅನ್ನಿಸುತ್ತದೆ. ಹಾರ್ಮೋನಿಯಂ ಮೇಲಿದ್ದ ದೊಡ್ಡ ದೂರು ಏನು? ಮನೆಯಿಂದ ಮನೆಗೆ ಹಾರುತ್ತದೆ, ನಡುವೆ ಜಾರುವುದಿಲ್ಲ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಥೆರೆಮಿನ್‌ನಲ್ಲಿ ಮನೆಗಳೇ ಇಲ್ಲ, ಜಾರುವುದೊಂದೇ ಕೆಲಸ. ಆದರೆ ನೋಡಿ, ಬರೀ ಜಾರಿದರೆ ಗಮಕ ಆಗುವುದಿಲ್ಲ. ಎಲ್ಲಿಂದ ಹೊರಟೆ, ಎಲ್ಲಿ ನಿಂತೆ ಅನ್ನುವುದು ಗಟ್ಟಿಯಾಗಿರಬೇಕು. ಇಲ್ಲವಾದರೆ ಅದು ಅಳು ಅಷ್ಟೇ. ಎರಡು ಸ್ವರದ ನಡುವೆ ಎಡಗೈಯಿಂದ ದನಿ ಅಡಗಿಸುವುದನ್ನು ಕಲಿಯುವವರೆಗೂ ನನ್ನ ಮೋಹನ ರಾಗ ಹಾಗೇ ಅಳುತ್ತಿತ್ತು. "ಯಾರಿಗೆ ಟಾಟಾ ಮಾಡ್ತಾ ಇದ್ದೆ ತಮಾ?" ಅಂತ ದೊಡ್ಡಾಯಿ ಬೇರೆ ಕೇಳುತ್ತಿದ್ದರು. ಅವರು ಹತ್ತಿರ ಬಂದರೆ ಸಾಕು, ಸ್ವರ ಕದಲುತ್ತಿತ್ತು. ಯಾರ ಮೈಯಾದರೂ ಆ ಆಂಟೆನಾಕ್ಕೆ ಒಂದೇ. ಜಗಲಿಯಲ್ಲಿ ಜನ ಓಡಾಡುವ ಮನೆಯಲ್ಲಿ ಇದಕ್ಕೊಂದು ಮೂಲೆ ಹುಡುಕುವುದೇ ಮೊದಲ ಪಾಠ.

ಈ ಕಷ್ಟಕ್ಕೆ ಈಗ ಮದ್ದು ಬಂದಿದೆ. ಮೂಗ್ ಕಂಪನಿಯ 2014ರ ಥೆರೆಮಿನಿಯಲ್ಲಿ ಒಂದು ನಾಬ್ ಇದೆ. ಪೂರ್ತಿ ತಿರುಗಿಸಿದರೆ ಕೈ ಎಲ್ಲೇ ಇರಲಿ, ಆರಿಸಿಕೊಂಡ ಸ್ವರಶ್ರೇಣಿಯ ಹತ್ತಿರದ ಸ್ವರಕ್ಕೇ ಯಂತ್ರ ಕೂರಿಸುತ್ತದೆ. ಅಪಸ್ವರದ ಭಯವಿಲ್ಲ. ಮಕ್ಕಳಿಗೆ ಮೊದಲ ದಿನವೇ ಖುಷಿ. ನನ್ನ ತಕರಾರು ಇಲ್ಲೇ ಇದೆ. ಅಪಸ್ವರದ ಜೊತೆಗೆ ಗಮಕವನ್ನೂ ಅದು ಗುಡಿಸಿ ಹಾಕುತ್ತದೆ. ಜಾರುಬಂಡಿಗೆ ಮೆಟ್ಟಿಲು ಕಡಿದ ಹಾಗೆ. ಅಷ್ಟಕ್ಕೇ ಆದರೆ ಹಾರ್ಮೋನಿಯಂ ಸಾಕಲ್ವಾ? ಅದರ ಮೇಲೆ ಬೆರಳಿಡಲಿಕ್ಕೆ ಜಾಗವಾದರೂ ಇದೆ. ಆ ನಾಬನ್ನು ಸೊನ್ನೆಗೂ ಇಳಿಸಬಹುದು ಅನ್ನುವುದು ನಿಜ. ಆದರೆ ಸುಲಭದ ದಾರಿ ಕೈಯಳತೆಯಲ್ಲಿರುವಾಗ ಸೊನ್ನೆಗೆ ಇಳಿಸುವವರು ಯಾರು?

ಕ್ಲಾರಾ ರಾಕ್‌ಮೋರ್ ಇದನ್ನು ಘನವಾದ ವಾದ್ಯ ಮಾಡಿದ್ದು ಅಂಥ ಊರುಗೋಲಿಲ್ಲದೆ. ಪಿಟೀಲು ನುಡಿಸುತ್ತಿದ್ದವರು, ಕೈ ನೋವಿನಿಂದ ಅದನ್ನು ಬಿಡಬೇಕಾಯಿತು. ಆಮೇಲೆ ಗಾಳಿಯಲ್ಲೇ ಬೆರಳು ಬಿಚ್ಚಿ ಮಡಚಿ ಸ್ವರಗಳ ಜಾಗ ಕಟ್ಟಿಕೊಂಡರು. ಅವರಿಗೆ ದಾರಿ ತೋರಿಸಿದ್ದು ಕಿವಿ.

ನಮ್ಮ ಮನೆಗಳಲ್ಲಿ ಕಿವಿಗೆ ಆಸರೆ ಮೊದಲಿಂದಲೂ ಇದೆ, ಶ್ರುತಿಪೆಟ್ಟಿಗೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಕಂಪನಿ ಅದನ್ನೂ ಎಲೆಕ್ಟ್ರಾನಿಕ್ ಮಾಡಿತು. ಶ್ರುತಿಪೆಟ್ಟಿಗೆ ಷಡ್ಜ ಎಲ್ಲಿದೆ ಅಂತ ಹೇಳುತ್ತದೆ, ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ. ಯಂತ್ರ ಕಲಿಯುವವರಿಗೆ ಅಷ್ಟು ಮಾಡಿದರೆ ಸಾಕು. ಥೆರೆಮಿನ್ ತರುವವರಿಗೆ ನಾನು ಹೇಳುವುದಿಷ್ಟೇ: ನಾಬ್ ಸೊನ್ನೆಗಿಡಿ, ಶ್ರುತಿ ಹಾಕಿ, ತಿಂಗಳುಗಟ್ಟಲೆ ಸ-ಪ ಎರಡನ್ನೇ ಹುಡುಕಿ. ಮನೆಯವರು ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ.