ಅಪ್ಪ-ಅಮ್ಮನನ್ನು ಎರಡನೆಯ ಸಲ ಕಳೆದುಕೊಂಡವನು

ತಾಯ್ಚಿ ಯಮಾದಾ 1987ರಲ್ಲಿ ಬರೆದ ಕಾದಂಬರಿ ‘ಇಜಿನ್‌ತಾಚಿ ತೊ ನೊ ನತ್ಸು’ ದೆವ್ವದ ಕಥೆಯಂತೆ ಓದಿಸಿಕೊಳ್ಳುತ್ತದೆ, ಆದರೆ ಉಳಿಸಿಹೋಗುವುದು ಭಯವನ್ನಲ್ಲ, ಸಂಕಟವನ್ನು. ಇಂಗ್ಲಿಷಿನಲ್ಲಿ ಅದು ‘ಸ್ಟ್ರೇಂಜರ್ಸ್’. ವಿಚ್ಛೇದಿತ ಟಿ.ವಿ. ಚಿತ್ರಕಥೆಗಾರ ಹರಾದಾ, ರಾತ್ರಿ ಬಹುಪಾಲು ಖಾಲಿಯಾಗುವ ಟೋಕಿಯೊದ ಕಟ್ಟಡವೊಂದರಲ್ಲಿ ಒಂಟಿ. ಹುಟ್ಟೂರು ಅಸಾಕುಸಾಕ್ಕೆ ಹೋದಾಗ ಅಪ್ಪನನ್ನೇ ಹೋಲುವವನೊಬ್ಬ ಸಿಕ್ಕಿ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಅಮ್ಮನೂ ಇದ್ದಾಳೆ. ಅವನಿಗೆ ಹನ್ನೆರಡಾಗಿದ್ದಾಗ ಅಪಘಾತದಲ್ಲಿ ತೀರಿಕೊಂಡವರು. ಈಗ ಮಗನಿಗಿಂತ ಚಿಕ್ಕವರು.

ಅವರು ಪರಲೋಕದ ಮಾತೆತ್ತುವುದಿಲ್ಲ. ಕುಡಿಯಲು ಬಿಯರ್ ಕೊಡುತ್ತಾರೆ, ಸೆಕೆಯ ಬಗ್ಗೆ ಗೊಣಗುತ್ತಾರೆ, ಮತ್ತೆ ಬಾ ಅನ್ನುತ್ತಾರೆ. ಆ ಸಾಮಾನ್ಯತೆಯೇ ಕರುಳು ಹಿಂಡುತ್ತದೆ. ಇತ್ತ ಹರಾದಾನ ದೇಹ ಸೊರಗುತ್ತಿದೆ, ಅದು ಅವನಿಗೆ ಮಾತ್ರ ಕಾಣದು. ಅದೇ ಕಟ್ಟಡದ ಗೆಳತಿ ಕೇ ಒತ್ತಾಯಿಸಿದಳೆಂದು ಅವನು ತಂದೆತಾಯಿಯನ್ನು ಬಿಟ್ಟುಕೊಡುತ್ತಾನೆ. ಸುಕಿಯಾಕಿ ಹೋಟೆಲಿನಲ್ಲಿ, ಊಟ ಮುಗಿಯುವ ಮೊದಲೇ ಅವರು ಕರಗಿಹೋಗುತ್ತಾರೆ. ಅವನ ಪ್ರಾಣ ಹೀರುತ್ತಿದ್ದವಳು ಕೇ ಎಂದು ಗೊತ್ತಾಗುವುದು ಆಮೇಲೆ. ಒಂದು ರಾತ್ರಿ ಬಾಗಿಲು ತಟ್ಟಿದ ಅವಳನ್ನು ಅವನು ಒಳಗೆ ಕರೆದಿರಲಿಲ್ಲ. ಅಂದೇ ಅವಳು ಸತ್ತಿದ್ದಳು. ನಿರಪರಾಧಿಗಳನ್ನು ಕಳಿಸಿಕೊಟ್ಟು, ತಾನು ನೋಯಿಸಿದವಳನ್ನು ಅಪ್ಪಿಕೊಂಡಿದ್ದ. ಕಾದಂಬರಿಯ ನಿಜವಾದ ಕ್ರೌರ್ಯ ಇದು.

ಈ ಕಾದಂಬರಿಯನ್ನು ಆಧರಿಸಿದ ನೊಬುಹಿಕೊ ಓಬಾಯಾಶಿಯ 1988ರ ಚಿತ್ರದಲ್ಲಿ ಅಸಾಕುಸಾದ ಭಾಗಕ್ಕೆ ಸಾಟಿಯಿಲ್ಲ. ಅಪ್ಪ-ಅಮ್ಮನಾಗಿ ತ್ಸುರುತಾರೊ ಕತಾವೊಕಾ, ಕುಮಿಕೊ ಅಕಿಯೋಶಿ ನಟಿಸುತ್ತಿದ್ದಾರೆ ಅನ್ನಿಸುವುದೇ ಇಲ್ಲ. ಕೊನೆಗೆ ಮಾತ್ರ ಕೇಯನ್ನು ರಕ್ತ ಚಿಮ್ಮಿಸುವ ಪಿಶಾಚಿಯಾಗಿಸಿ ನಿರ್ದೇಶಕ ಎಡವುತ್ತಾನೆ. ಅಬ್ಬರದಲ್ಲಿ ಅವಳ ಒಂಟಿತನ ಕೇಳಿಸದೆ ಹೋಗುತ್ತದೆ.

ಅದೇ ಕಾದಂಬರಿಯಿಂದ ಆಂಡ್ರ್ಯೂ ಹೇಗ್ 2023ರಲ್ಲಿ ತೆಗೆದ ‘ಆಲ್ ಆಫ್ ಅಸ್ ಸ್ಟ್ರೇಂಜರ್ಸ್’ ಲಂಡನ್ನಿನ ಕಥೆ. ನಾಯಕ ಸಲಿಂಗಿ, ಕೇಯ ಜಾಗದಲ್ಲಿ ಹ್ಯಾರಿ. ತಂದೆತಾಯಿಯ ಮನೆಯ ದೃಶ್ಯಗಳನ್ನು ಹೇಗ್ ಚಿತ್ರೀಕರಿಸಿದ್ದು ತಾನು ಬಾಲ್ಯದಲ್ಲಿದ್ದ ಮನೆಯಲ್ಲೇ. ನೀನು ಅಳುತ್ತಿದ್ದಾಗ ನಾನು ಕೋಣೆಯೊಳಗೆ ಬರಲಿಲ್ಲವೆಂದು ಅಪ್ಪ ಕ್ಷಮೆ ಕೇಳುವ ದೃಶ್ಯಕ್ಕೆ ಕಾದಂಬರಿಯಲ್ಲೂ ಸಮವಿಲ್ಲ. ಸತ್ತ ಹ್ಯಾರಿಯನ್ನು ನಾಯಕ ತಬ್ಬಿ ಮಲಗುವಾಗ, ಓಬಾಯಾಶಿ ಕಳೆದುಕೊಂಡ ಕರುಣೆ ಮರಳಿ ಸಿಗುತ್ತದೆ. ಆದರೆ ಇಲ್ಲಿ ಹೇಳಬೇಕಾದದ್ದನ್ನೆಲ್ಲ ಎಲ್ಲರೂ ಹೇಳಿ ಮುಗಿಸುತ್ತಾರೆ. ಸತ್ತವರ ಒಡನಾಟಕ್ಕೆ ದೇಹ ತೆರಬೇಕಾದ ಬೆಲೆ ಮಸುಕಾಗುತ್ತದೆ, ದುಃಖ ಚಿಕಿತ್ಸೆಯಾಗಿಬಿಡುತ್ತದೆ.

ಯಮಾದಾ 2023ರ ನವೆಂಬರಿನಲ್ಲಿ ತೀರಿಕೊಂಡರು. ಎರಡೂ ಚಿತ್ರಗಳನ್ನು ಖಂಡಿತ ನೋಡಿ, ಆದರೆ ಅದಕ್ಕೆ ಮೊದಲು ಕಾದಂಬರಿಯನ್ನು ಓದಿ.